ಚಾರ್ಲ್ಸ್‌ಟನ್‌ನ ಹಳೆಯ ಮನೆಯಲ್ಲಿ ಅಪ್ಪ-ಅಮ್ಮನೊಂದಿಗೆ ಎರಡು ರಾತ್ರಿ: ಹೋಗಿಬಂದವರ ಅನುಭವಗಳು

ಪ್ರಶ್ನೆ, ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ನಿಂದ:

ನಮ್ಮ ತಂದೆ-ತಾಯಿ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದಿಂದ ಇಲ್ಲಿಗೆ ಬರುತ್ತಿದ್ದಾರೆ. ನವೆಂಬರ್ ಎರಡನೆಯ ವಾರದಲ್ಲಿ ಅವರ ಮದುವೆಗೆ 50 ವರ್ಷ ತುಂಬುತ್ತದೆ. ಆ ಸಂದರ್ಭಕ್ಕೆ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ಗೆ ಕರೆದೊಯ್ದು, ಅಲ್ಲಿನ ಐತಿಹಾಸಿಕ ಐಷಾರಾಮಿ ಇನ್ (ಹಳೆಯ ಮನೆಯನ್ನು ಹೋಟೆಲ್ ಆಗಿಸಿದ್ದು) ಒಂದರಲ್ಲಿ ಎರಡು ರಾತ್ರಿ ಉಳಿಸಬೇಕೆಂದಿದ್ದೇನೆ. ಅಪ್ಪ ನಿವೃತ್ತ ಇತಿಹಾಸ ಅಧ್ಯಾಪಕರು. ಅಮ್ಮನಿಗೆ ಮಂಡಿನೋವಿದೆ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಷ್ಟು ಹಣ ಕೊಡುವುದು ಸಾರ್ಥಕವೇ? ಮೆಟ್ಟಿಲು, ಊಟ ಮತ್ತು ಹವೆಯ ವಿಷಯದಲ್ಲಿ ಏನು ಗಮನಿಸಬೇಕು? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ, ರಾಲಿಯಿಂದ:

ಇತಿಹಾಸ ಕಲಿಸಿದ ತಂದೆಯವರನ್ನು ಕರೆದೊಯ್ಯುತ್ತೀರಾದರೆ ಖಂಡಿತ ಸಾರ್ಥಕ. ಆದರೆ ಯಾವ ಇನ್ ಎಂಬುದಕ್ಕಿಂತ ಅದರೊಳಗಿನ ಯಾವ ಕೊಠಡಿ ಎಂಬುದು ಇಲ್ಲಿ ಹೆಚ್ಚು ಮುಖ್ಯ ಎಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಮೊದಲ ಸಲ ನಾವು ಚಿತ್ರ ನೋಡಿ, ಬೆಲೆ ನೋಡಿ, ಆನ್‌ಲೈನ್‌ನಲ್ಲಿ ಕೊಠಡಿ ಕಾಯ್ದಿರಿಸಿದ್ದೆವು. ಸಿಕ್ಕಿದ್ದು ಮೂರನೆಯ ಮಹಡಿ. ಲಿಫ್ಟ್ ಇರಲಿಲ್ಲ, ಕಿರಿದಾದ ಮರದ ಮೆಟ್ಟಿಲು ಮಧ್ಯದಲ್ಲಿ ತಿರುಗುತ್ತಿತ್ತು. ನಮ್ಮ ಅತ್ತೆಯವರು ಬೆಳಗ್ಗೆ ಒಮ್ಮೆ ಇಳಿದರೆ ರಾತ್ರಿಯವರೆಗೆ ಮತ್ತೆ ಹತ್ತುವ ಧೈರ್ಯ ಮಾಡುತ್ತಿರಲಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಮಲಗಲು ಹಂಬಲಿಸುತ್ತ ಅವರು ಕೆಳಗಿನ ಕುರ್ಚಿಯಲ್ಲೇ ಕುಳಿತಿದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ತಪ್ಪು ಆ ಇನ್‌ನದಲ್ಲ, ಕೇಳದೆ ಹೋದ ನಮ್ಮದು. ಹೋಟೆಲ್ ಎಂದು ಕಟ್ಟಿದ ಕಟ್ಟಡದಲ್ಲಿ ಒಂದು ಕೊಠಡಿಯಂತೆ ಇನ್ನೊಂದಿರುತ್ತದೆ. ಸಂಸಾರ ಮಾಡಲು ಕಟ್ಟಿದ ಮನೆಯಲ್ಲಿ ಹಾಗಿರುವುದಿಲ್ಲ.

ಆದ್ದರಿಂದ ನೇರವಾಗಿ ಫೋನ್ ಮಾಡಿ ಮಾತನಾಡಿ. ಬೀದಿಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಬಾಗಿಲಿನಿಂದ ಕೊಠಡಿಗೆ ಎಷ್ಟು, ಕೈಹಿಡಿ ಎರಡೂ ಬದಿಗಿದೆಯೇ ಎಂದು ಬೇರೆ ಬೇರೆಯಾಗಿ ಕೇಳಿ. ‘ನೆಲಮಹಡಿ’ ಎಂದು ಅವರು ಹೇಳಿದರೂ ಮುಂಬಾಗಿಲಿಗೇ ಏಳೆಂಟು ಮೆಟ್ಟಿಲುಗಳಿರಬಹುದು, ಏಕೆಂದರೆ ಈ ತಗ್ಗು ಊರಿನಲ್ಲಿ ಹಳೆಯ ಮನೆಗಳನ್ನು ಎತ್ತರದ ತಳಪಾಯದ ಮೇಲೆ ಕಟ್ಟಿದ್ದಾರೆ. ಸ್ನಾನಕ್ಕೆ ಒಳಗೆ ಕಾಲೆತ್ತಿಟ್ಟು ಇಳಿಯಬೇಕಾದ ಟಬ್ ಇದೆಯೇ, ನೆಲಮಟ್ಟದ ಷವರ್ ಇದೆಯೇ ಎಂಬುದನ್ನು ಮರೆಯದೆ ಕೇಳಿ. ಮಂಚವನ್ನೂ ವಿಚಾರಿಸಿ. ಚಾರ್ಲ್ಸ್‌ಟನ್‌ನ ಹೆಸರಾಂತ ನಾಲ್ಕು ಕಂಬದ ಮಂಚಗಳ ಕಂಬಗಳಲ್ಲಿ ಭತ್ತದ ತೆನೆಗಳನ್ನು ಕೆತ್ತಿರುತ್ತಾರೆ. ನೋಡಲು ಬಹಳ ಚೆಂದ, ಆದರೆ ಅವು ಎತ್ತರವಾಗಿರುತ್ತವೆ, ಹತ್ತಲು ಕಾಲುಮಣೆ ಬೇಕಾಗುತ್ತದೆ.

ಎರಡನೆಯ ಸಲ ನಾವು ಬ್ರಾಡ್ ಸ್ಟ್ರೀಟ್‌ನ ಜಾನ್ ರಟ್ಲೆಜ್ ಹೌಸ್ ಇನ್‌ನಲ್ಲಿ, ಮುಂಚಿತವಾಗಿ ಮಾತನಾಡಿ ಗೊತ್ತುಮಾಡಿದ ಕೊಠಡಿಯಲ್ಲಿ ಉಳಿದೆವು. ನಿಮ್ಮ ತಂದೆಯವರಿಗೆ ನಾನು ಸೂಚಿಸುವುದೂ ಅದನ್ನೇ. 1763ರಲ್ಲಿ ಆ ಮನೆಯನ್ನು ಕಟ್ಟಿಸಿದ ಜಾನ್ ರಟ್ಲೆಜ್ ಅವರು 1787ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದ 39 ಮಂದಿಯಲ್ಲಿ ಒಬ್ಬರು. 1795ರಲ್ಲಿ ಕೆಲವು ತಿಂಗಳ ಕಾಲ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಸೆನೆಟ್ ಆ ನೇಮಕವನ್ನು ಒಪ್ಪದ ಕಾರಣ ಹುದ್ದೆ ಉಳಿಯಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಅವರ ತಮ್ಮ ಎಡ್ವರ್ಡ್ ರಟ್ಲೆಜ್ ಅವರ ಮನೆಯಿದೆ, ಅದೂ ಈಗ ಇನ್ ಆಗಿದೆ. ಈ ತಮ್ಮ 1776ರ ಸ್ವಾತಂತ್ರ್ಯ ಘೋಷಣೆಗೆ 26ನೆಯ ವಯಸ್ಸಿನಲ್ಲಿ ಸಹಿ ಹಾಕಿದವರು, ಸಹಿ ಮಾಡಿದವರಲ್ಲೆಲ್ಲ ಅತ್ಯಂತ ಕಿರಿಯರು. ಒಂದು ದೇಶದ ಎರಡು ಮೂಲಪತ್ರಗಳಿಗೆ ಸಹಿ ಮಾಡಿದ ಅಣ್ಣ-ತಮ್ಮಂದಿರ ಮನೆಗಳು ಹೀಗೆ ಎದುರುಬದುರಾಗಿ ನಿಂತಿವೆ. 1791ರಲ್ಲಿ ದಕ್ಷಿಣದ ಪ್ರವಾಸಕ್ಕೆ ಬಂದಿದ್ದ ಜಾರ್ಜ್ ವಾಷಿಂಗ್ಟನ್ ಅವರು ಜಾನ್ ರಟ್ಲೆಜ್ ಅವರ ಪತ್ನಿಯ ಆತಿಥ್ಯದಲ್ಲಿ ಬೆಳಗಿನ ಉಪಾಹಾರ ಸ್ವೀಕರಿಸಿದ್ದರು. ಮನೆಯ ಮುಂಭಾಗದಲ್ಲಿ ಕಾಣುವ ಕಬ್ಬಿಣದ ಕುಸುರಿ ಮಾತ್ರ 1850ರ ದಶಕದಲ್ಲಿ ಸೇರಿದ್ದು.

ಇದರ ಇನ್ನೊಂದು ಮುಖವನ್ನು ನಿಮ್ಮ ತಂದೆಯವರು ತಾವಾಗಿಯೇ ಕೇಳುತ್ತಾರೆ, ನೀವೂ ಸಿದ್ಧರಾಗಿರಿ. ಇದೇ ಜಾನ್ ರಟ್ಲೆಜ್ ಗುಲಾಮರ ಒಡೆಯರಾಗಿದ್ದರು, ಸಂವಿಧಾನ ಸಭೆಯಲ್ಲಿ ಗುಲಾಮರ ವ್ಯಾಪಾರದ ಪರವಾಗಿ ವಾದಿಸಿದರು. ಆ ವ್ಯಾಪಾರವನ್ನು 1808ರವರೆಗೆ ನಿಷೇಧಿಸುವಂತಿಲ್ಲ ಎಂಬ ವಿಧಿ ಸಂವಿಧಾನದಲ್ಲಿ ಸೇರಿತು. ಮೆಟ್ಟಿಲು ಹತ್ತಲಾಗದವರಿಗೆ ಈ ಊರಿನ ಇನ್‌ಗಳು ಸಾಮಾನ್ಯವಾಗಿ ಕೊಡುವುದು ಹಿತ್ತಲಿನ ಕಟ್ಟಡದ ಕೊಠಡಿ. ಕೊಠಡಿ ಸುಸಜ್ಜಿತವೇ ಆಗಿರುತ್ತದೆ, ಬೆಲೆಯೂ ತುಸು ಕಡಿಮೆ. ಆದರೆ ಇಲ್ಲಿನ ದೊಡ್ಡ ಮನೆಗಳ ಹಿತ್ತಲಿನಲ್ಲಿದ್ದದ್ದು ಅಡುಗೆಮನೆ, ಲಾಯ ಮತ್ತು ಗುಲಾಮಗಿರಿಗೆ ಒಳಗಾದ ಆಫ್ರಿಕನ್ನರ ಬಿಡಾರಗಳು. ನೀವು ಉಳಿಯುವ ಕೊಠಡಿ ಮೊದಲು ಏನಾಗಿತ್ತು ಎಂದು ಸಂಕೋಚವಿಲ್ಲದೆ ಕೇಳಿ. ಹಾಗೆಯೇ ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಮನೆ ಏಕನ್-ರೆಟ್ ಹೌಸ್‌ಗೆ ಕರೆದೊಯ್ಯಿರಿ. ಅಲ್ಲಿ ಹಿತ್ತಲಿನ ಅಡುಗೆಮನೆ, ಲಾಯ, ಬಿಡಾರಗಳನ್ನು ಬಣ್ಣ ಬಳಿದು ಹೊಸದಾಗಿಸದೆ ಇದ್ದ ಸ್ಥಿತಿಯಲ್ಲೇ ಉಳಿಸಿದ್ದಾರೆ. ಗ್ಯಾಡ್ಸ್‌ಡನ್ ಹಡಗುಕಟ್ಟೆಯಲ್ಲಿ, ಅಂದರೆ ಆಫ್ರಿಕಾದಿಂದ ತಂದ ಜನರನ್ನು ಇಳಿಸುತ್ತಿದ್ದ ಜಾಗದಲ್ಲೇ, ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ 2023ರ ಜೂನ್‌ನಲ್ಲಿ ತೆರೆದಿದೆ. ಇವೆರಡನ್ನೂ ನೋಡದೆ ಆ ಮಂಚದಲ್ಲಿ ಮಲಗಿ ಬಂದರೆ ಊರನ್ನು ಅರ್ಧ ಮಾತ್ರ ನೋಡಿದಂತಾಗುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನವೆಂಬರ್ ಒಳ್ಳೆಯ ಆಯ್ಕೆ. ಬೇಸಿಗೆಯ ಸೆಕೆ ಹೋಗಿರುತ್ತದೆ. ಚಂಡಮಾರುತದ ಋತು ಲೆಕ್ಕದಲ್ಲಿ ನವೆಂಬರ್ 30ರವರೆಗಿದ್ದರೂ ಅಷ್ಟರಲ್ಲಿ ಅಬ್ಬರ ಸಾಮಾನ್ಯವಾಗಿ ತಗ್ಗಿರುತ್ತದೆ. ಶರತ್ಕಾಲದಲ್ಲಿ ಸಮುದ್ರಕ್ಕೆ ದೊಡ್ಡ ಭರತ (ಉಬ್ಬರ) ಬರುವ ದಿನಗಳಲ್ಲಿ ಮಳೆಯಿಲ್ಲದೆಯೂ ತಗ್ಗಿನ ಬೀದಿಗಳಿಗೆ ನೀರು ನುಗ್ಗುತ್ತದೆ, ಆದ್ದರಿಂದ ಹೊರಡುವ ಮೊದಲು ಭರತದ ವೇಳಾಪಟ್ಟಿ ನೋಡಿ. ಷಾರ್ಲೆಟ್‌ನಿಂದ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆಯ ದಾರಿ. ಕೊಠಡಿಯ ಬಾಡಿಗೆಯ ಮೇಲೆ ತೆರಿಗೆ, ಪಾರ್ಕಿಂಗ್, ಟಿಪ್ಸ್ ಸೇರಿ ಒಟ್ಟು ಎಷ್ಟಾಗುತ್ತದೆಂದು ಮೊದಲೇ ಕೇಳಿಕೊಳ್ಳಿ.

ಉತ್ತರ, ಅಟ್ಲಾಂಟಾದಿಂದ:

ಊಟದ ವಿಷಯವನ್ನಷ್ಟೇ ನಾನು ಸೇರಿಸುತ್ತೇನೆ. ಇಂತಹ ಇನ್‌ಗಳಲ್ಲಿ ಉಪಾಹಾರವನ್ನು ಕೇಳಿದ ಮೇಲೆ ಬಿಸಿಬಿಸಿಯಾಗಿ ಮಾಡಿಕೊಡುವುದರಿಂದ ಹಿಂದಿನ ದಿನವೇ ತಿಳಿಸಿದರೆ ಮೊಟ್ಟೆಯಿಲ್ಲದ ವ್ಯವಸ್ಥೆ ಆಗುತ್ತದೆ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸಾಲದು, ಮೊಟ್ಟೆ, ಮೀನು, ಮಾಂಸದ ಸಾರು, ಹಂದಿಯ ಕೊಬ್ಬು ಬೇಡವೆಂದು ಒಂದೊಂದಾಗಿ ಬಿಡಿಸಿ ಹೇಳಬೇಕು. ಸೊಪ್ಪಿನ ಪಲ್ಯದಂತೆ ಕಾಣುವ ಕಾಲರ್ಡ್ ಗ್ರೀನ್ಸ್ ಅನ್ನು ಇಲ್ಲಿ ಸಾಮಾನ್ಯವಾಗಿ ಹಂದಿಮಾಂಸದೊಡನೆ ಬೇಯಿಸುತ್ತಾರೆ. ಅಲಸಂದೆ ಕಾಳು ಮತ್ತು ಅನ್ನ ಸೇರಿಸಿ ಮಾಡುವ ಹಾಪಿನ್ ಜಾನ್ ಕೂಡ ಹಾಗೆಯೇ. ಗ್ರಿಟ್ಸ್ ನಿಮ್ಮ ತಾಯಿಯವರಿಗೆ ಹಿಡಿಸಬಹುದು. ಅದು ಮೆಕ್ಕೆಜೋಳದ ನುಚ್ಚನ್ನು ಬೇಯಿಸಿದ ಗಂಜಿ. ಸೀಗಡಿ ಹಾಕದೆ, ನೀರು ಅಥವಾ ಹಾಲಿನಲ್ಲಿ ಬೇಯಿಸಿದ್ದನ್ನು ಕೇಳಿ ಪಡೆಯಿರಿ. ನಾವು ಒಂದು ಡಬ್ಬಿ ಚಟ್ನಿಪುಡಿ ಒಯ್ದಿದ್ದೆವು. ಗ್ರಿಟ್ಸ್‌ಗೆ ಬೆಣ್ಣೆ, ಚಟ್ನಿಪುಡಿ ಬೆರೆಸಿಕೊಟ್ಟಾಗ ನಮ್ಮ ಮಾವನವರು ಮತ್ತೊಮ್ಮೆ ಬಡಿಸಿಕೊಂಡರು.

ಊರಿನ ಅಂಗಡಿಗಳಲ್ಲೆಲ್ಲ ‘ಬೆನ್ನೆ’ ಬಿಸ್ಕತ್ತು ಎಂದು ಮಾರುತ್ತಾರೆ. ಹೆಸರು ಕೇಳಿ ನಮ್ಮವರು ಬೆಣ್ಣೆ ಬಿಸ್ಕತ್ತು ಎಂದುಕೊಳ್ಳುತ್ತಾರೆ. ಬೆನ್ನೆ ಎಂದರೆ ಎಳ್ಳು. ಪಶ್ಚಿಮ ಆಫ್ರಿಕಾದಿಂದ ಬಂದ ಜನರ ಜೊತೆಗೆ ಬಂದ ಬೆಳೆ, ಅವರದೇ ಮಾತು. ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಪೊಟ್ಟಣವನ್ನು ಓದದೆ ತಾಯಿಯವರಿಗೆ ಕೊಡಬೇಡಿ.

ಉತ್ತರ, ಮೈಸೂರಿನಿಂದ:

ನೋಡಮ್ಮಾ, ಕರೆದುಕೊಂಡು ಹೋಗುವವರೆಲ್ಲ ಬರೆದಿದ್ದಾರೆ. ಕರೆಸಿಕೊಂಡು ಹೋದವಳಾಗಿ ನಾನು ಎರಡು ಮಾತು ಬರೆಯುತ್ತೇನೆ. ಮಗಳು-ಅಳಿಯ ನಮ್ಮಿಬ್ಬರನ್ನೂ ಚಾರ್ಲ್ಸ್‌ಟನ್‌ನ ಅಂತಹದೇ ಒಂದು ಮನೆಯಲ್ಲಿ ಉಳಿಸಿದ್ದರು. ಬಾಡಿಗೆಯನ್ನು ಡಾಲರ್‌ನಿಂದ ರೂಪಾಯಿಗೆ ಗುಣಿಸಿ ನಾನು ಮೊದಲ ರಾತ್ರಿ ನಿದ್ದೆ ಮಾಡಲಿಲ್ಲ. ನಿನ್ನ ತಾಯಿಯೂ ಗುಣಿಸುತ್ತಾರೆ. ಆದ್ದರಿಂದ ಬಿಲ್ಲನ್ನು ಅವರ ಕಣ್ಣಿಗೆ ಬೀಳಿಸಬೇಡ, ಕೊಠಡಿಗೆ ಹೋದ ಮೇಲೆ ಅವರನ್ನು ಅವಸರಿಸಲೂಬೇಡ.

ನನಗೆ ಆ ಮನೆಯಲ್ಲಿ ತುಂಬ ಹಿತವಾದದ್ದು ಪಕ್ಕದ ಉದ್ದನೆಯ ಜಗಲಿ. ಅಲ್ಲಿನವರು ಅದನ್ನು ಪಿಯಾಜಾ ಎನ್ನುತ್ತಾರೆ. ಮನೆಯ ಕಿರಿದಾದ ತುದಿ ಬೀದಿಗೆ, ಉದ್ದದ ಬದಿ ಜಗಲಿಗೆ, ಆ ಜಗಲಿ ದಕ್ಷಿಣಕ್ಕೋ ಪಶ್ಚಿಮಕ್ಕೋ, ಸಮುದ್ರದ ಗಾಳಿ ಬರುವ ಕಡೆಗೆ. ಬೀದಿಬಾಗಿಲು ತೆರೆದರೆ ಮನೆಯೊಳಗೆ ಹೋಗುವುದಿಲ್ಲ, ಜಗಲಿಗೆ ಹೋಗುತ್ತೇವೆ. ಗೋಡೆಯ ಹೊರಗೆ ಅಲ್ಲಲ್ಲಿ ಕಬ್ಬಿಣದ ಬಿಲ್ಲೆಗಳು ಕಂಡವು. 1886ರ ಭೂಕಂಪದಲ್ಲಿ ಬಿರುಕುಬಿಟ್ಟ ಮನೆಗಳನ್ನು ಕಬ್ಬಿಣದ ಸರಳು ತೂರಿಸಿ ಬಿಗಿದ ಗುರುತುಗಳಂತೆ. ನಮ್ಮವರು ಒಂದು ಬೆಳಗ್ಗೆ ಪೂರ್ತಿ ಅವನ್ನೇ ಹುಡುಕುತ್ತ ಬೀದಿ ಸುತ್ತಿದರು, ನಿನ್ನ ತಂದೆಯವರಿಗೂ ಈ ಕೆಲಸ ಒಪ್ಪಬಹುದು.

ಸಿಟಿ ಮಾರ್ಕೆಟ್‌ನಲ್ಲಿ ಗಲ್ಲಾ ಸಮುದಾಯದ, ಅಂದರೆ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ವಂಶದ, ಹೆಂಗಸರು ಹುಲ್ಲಿನ ಬುಟ್ಟಿ ಹೆಣೆಯುತ್ತ ಕುಳಿತಿರುತ್ತಾರೆ. ಅಗಲವಾದ, ತಟ್ಟೆಯಂತಹ ಒಂದು ಬುಟ್ಟಿಯನ್ನು ಕಂಡು ಇದು ಏತಕ್ಕೆ ಎಂದು ಮಗಳಿಂದ ಕೇಳಿಸಿದೆ. ಹಿಂದಿನವರು ಭತ್ತ ಕುಟ್ಟಿ ಹೊಟ್ಟು ಕೇರುತ್ತಿದ್ದದ್ದು ಇದರಲ್ಲಿ ಎಂದರು. ನಾನು ಅದನ್ನು ಎರಡು ಕೈಯಲ್ಲಿ ಹಿಡಿದು ಮೊರದಂತೆ ಕೇರಿ ತೋರಿಸಿದೆ. ಆ ತಾಯಿ ನಕ್ಕು ತಲೆಯಾಡಿಸಿದರು, ಅವರ ಅಜ್ಜಿಯರ ಕೈಯೂ ಹಾಗೆಯೇ ಆಡುತ್ತಿತ್ತಂತೆ. ಆ ಊರಿನ ಸಿರಿಯೆಲ್ಲ ಆ ಕೈಗಳು ಬೆಳೆದ ಭತ್ತದಿಂದ ಬಂದದ್ದೆಂದು ನಮ್ಮವರು ಆಮೇಲೆ ಹೇಳಿದರು. ರಾತ್ರಿ ಮಂಚದ ಕಂಬದಲ್ಲಿ ಕೆತ್ತಿದ ತೆನೆಗಳನ್ನು ನಾನು ಬಹಳ ಹೊತ್ತು ನೋಡುತ್ತಿದ್ದೆ. ಬುಟ್ಟಿಯ ಬೆಲೆ ಹೆಚ್ಚು, ಆದರೆ ಒಂದೊಂದಕ್ಕೂ ದಿನಗಟ್ಟಲೆ ಕೆಲಸವಿದೆ, ಚೌಕಾಸಿ ಮಾಡಬೇಡ.

ಫೋನ್ ಮಾಡಿದಾಗ ಮೆಟ್ಟಿಲು, ಷವರ್ ಕೇಳಿದ ಮೇಲೆ ಇನ್ನೊಂದನ್ನೂ ಕೇಳಿಬಿಡು: ಕೊಠಡಿಯಿಂದ ಜಗಲಿಗೆ ನೇರ ಬಾಗಿಲಿದೆಯೇ, ಅಲ್ಲಿ ಕುರ್ಚಿಗಳಿವೆಯೇ ಎಂದು. ಬೆಳಗಿನ ಕಾಫಿಯ ಹೊತ್ತಿಗೆ ಅವರಿಬ್ಬರನ್ನೇ ಅಲ್ಲಿ ಕೂರಿಸಿ, ನೀನು ಒಂದು ಗಂಟೆ ಮಕ್ಕಳನ್ನು ಕರೆದುಕೊಂಡು ಬೇರೆ ಕಡೆ ಹೋಗಿ ಬಾ.