ಸೆಂಟರ್ ಸ್ಪೀಕರ್‌ನಲ್ಲಿ ಮಾತು ಮಂಕು, ಬುಕ್‌ಶೆಲ್ಫ್‌ನಲ್ಲಿ ಸ್ಪಷ್ಟ: ಸೆಂಟರ್ ಬದಲಾಯಿಸಬೇಕಾ?

ಶ್ರುತಿಪೆಟ್ಟಿಗೆ
ಮೂರು ವಾರದಿಂದ ಒದ್ದಾಡ್ತಿದೀನಿ. ಎಡ-ಬಲಕ್ಕೆ ಆರೂವರೆ ಇಂಚಿನ ವೂಫರ್ (ಕೆಳದನಿಯ ಕೋನು) ಇರೋ ಬುಕ್‌ಶೆಲ್ಫ್ (ಚಿಕ್ಕ ಪೆಟ್ಟಿಗೆ) ಸ್ಪೀಕರ್ ಜೋಡಿ. ಸೆಂಟರ್, ಅಂದ್ರೆ ಸಿನಿಮಾದ ಮಾತಿಗೆ ನಡುವೆ ಇಡೋ ಸ್ಪೀಕರ್, ಅದೇ ಸರಣಿಯದ್ದು, ಐದೂಕಾಲು ಇಂಚಿನ ಎರಡು ವೂಫರ್, ನಡುವೆ ಟ್ವೀಟರ್ (ಮೇಲ್ದನಿಯದ್ದು). ಹಾಡು ಕೇಳೋಕೆ ಬುಕ್‌ಶೆಲ್ಫ್ ಏನೂ ತೊಂದರೆ ಇಲ್ಲ. ಸಿನಿಮಾ ಹಾಕಿದ್ರೆ ಮಾತೆಲ್ಲ ಮಡಕೆಯೊಳಗೆ ಬಾಯಿಟ್ಟು ಆಡಿದ ಹಾಗೆ. ಸೆಂಟರ್ ಲೆವೆಲ್ +6 ಮಾಡಿದೆ, ಮಂಕೇ ಜೋರಾಯ್ತು. ಆಟೋ ಕ್ಯಾಲಿಬ್ರೇಷನ್ (ರಿಸೀವರ್ ಮೈಕಿಂದ ಅಳೆದು ತಾನೇ ಹೊಂದಿಸ್ಕೊಳ್ಳೋದು) ನಾಲ್ಕು ಸಲ ಓಡಿಸಿದೆ. ಇದನ್ನ ಕೊಟ್ಟು ದೊಡ್ಡ ಸೆಂಟರ್ ತಗೊಳ್ಳಲಾ? ನೇರವಾಗಿ ಹೇಳಿ.

ಮೀಟರ್‌ಮುಳ್ಳು
ನೇರವಾಗಿ ಹೇಳೋಕೆ ಬೇಕಾದ ಯಾವ ವಿವರಾನೂ ಕೊಟ್ಟಿಲ್ಲ ಸಾರ್. ಸೆಂಟರ್ ಎಲ್ಲಿಟ್ಟಿದೀರಿ? ಕೂರೋ ಜಾಗ ಎಷ್ಟು ದೂರ, ಎಷ್ಟು ಪಕ್ಕಕ್ಕೆ? ಕ್ರಾಸೋವರ್ (ಇದಕ್ಕಿಂತ ಕೆಳಗಿನ ಬಾಸ್ ಸೆಂಟರ್‌ಗೆ ಹೋಗದ ಕಂಪನಾಂಕ) ಎಷ್ಟು? ರಿಸೀವರ್‌ಗೆ ಸೌಂಡ್ ಎಲ್ಲಿಂದ ಬರ್ತಿದೆ, ಡಿಸ್‌ಪ್ಲೇ ಮೇಲೆ ಯಾವ ಮೋಡ್ ತೋರಿಸ್ತಿದೆ?

ಅಲೆಯುದ್ದ
ಇದು ಅಡ್ಡ ಎಂಟಿಎಂ (ಎರಡು ವೂಫರ್ ನಡುವೆ ಟ್ವೀಟರ್) ಸೆಂಟರ್‌ನ ಹುಟ್ಟುಗುಣ. ಎರಡು ವೂಫರ್‌ಗಳೂ ಒಂದೇ ದನಿ ನುಡಿಸ್ತವೆ. ನೀವು ಪಕ್ಕದಲ್ಲಿ ಕೂತರೆ ಒಂದು ಹತ್ತಿರ, ಇನ್ನೊಂದು ದೂರ. ಆ ವ್ಯತ್ಯಾಸ ಅರ್ಧ ಅಲೆಯುದ್ದಕ್ಕೆ ಸಮ ಆದ ಕಡೆ ಎರಡೂ ಒಂದನ್ನೊಂದು ಅಳಿಸಿಹಾಕ್ತವೆ. ವೂಫರ್‌ಗಳ ನಡುಬಿಂದುಗಳ ಅಂತರ 30 ಸೆಂ.ಮೀ., ನೀವು 30 ಡಿಗ್ರಿ ಪಕ್ಕದಲ್ಲಿ ಅಂದ್ಕೊಳ್ಳಿ. ವ್ಯತ್ಯಾಸ 15 ಸೆಂ.ಮೀ., ಅಲೆಯುದ್ದ 30 ಸೆಂ.ಮೀ., ಅಂದ್ರೆ ಸುಮಾರು 1140 ಹರ್ಟ್ಸ್. ಸ್ವರಗಳ ಸ್ಪಷ್ಟತೆ ಇರೋದೇ ಆ ಸುತ್ತಮುತ್ತ. ದೊಡ್ಡ ಎಂಟಿಎಂ ತಗೊಂಡ್ರೆ ವೂಫರ್‌ಗಳು ಇನ್ನೂ ದೂರ ಆಗಿ, ದನಿ ಅಳಿಸಿಹೋದ ಆ ಗುಂಡಿ (ತಗ್ಗು) ಇನ್ನೂ ಕೆಳಗಿನ ಕಂಪನಾಂಕಕ್ಕೆ ಇಳಿಯುತ್ತೆ. ತಗೊಳ್ಳೋದಾದ್ರೆ ಟ್ವೀಟರ್ ಕೆಳಗೆ ನೆಟ್ಟಗೆ ಮಿಡ್‌ರೇಂಜ್ (ನಡುದನಿಯ ಕೋನು) ಇರೋ ತ್ರೀ-ವೇ ಸೆಂಟರ್ ಮಾತ್ರ.

ಶ್ರುತಿಪೆಟ್ಟಿಗೆ
ಟಿವಿ ಗೋಡೆಗೆ ಹಾಕಿದೆ, ಅದರ ಕೆಳಗಿನ ಕಪಾಟಿನ ಖಾನೆಯಲ್ಲಿ ಸೆಂಟರ್. ಖಾನೆ ಅಂಚಿಂದ ಮೂರು ಇಂಚು ಒಳಗಿದೆ. 2.7 ಮೀಟರ್ ದೂರ, ನಟ್ಟನಡುವೆ ಕೂರ್ತೀನಿ. ಇನ್ನೊಬ್ಬರು ಒಂದೂವರೆ ಮೀಟರ್ ಪಕ್ಕದಲ್ಲಿ. ವೈರು 16 ಗೇಜ್, ಆರು ಮೀಟರ್. ಸೌಂಡ್ ಟಿವಿಯಿಂದ ಎಚ್‌ಡಿಎಂಐನಲ್ಲಿ ಬರುತ್ತೆ.

ತಾಮ್ರತಂತಿ
16 ಗೇಜಾ? ಆರು ಮೀಟರಿಗೆ ಸಾಲಲ್ಲ ಬ್ರದರ್. ಮೊದಲು ಇನ್ನೂ ದಪ್ಪದ 12 ಗೇಜ್ ಎಳೀರಿ, ಆಮೇಲೆ ಮಿಕ್ಕ ಮಾತು.

ಮೀಟರ್‌ಮುಳ್ಳು
ಲೆಕ್ಕ ಮಾಡಿ ನೋಡಿ. 16 ಗೇಜ್ ತಾಮ್ರಕ್ಕೆ ಮೀಟರಿಗೆ 0.013 ಓಮ್. ಹೋಗಿ ಬರೋ ದಾರಿ 12 ಮೀಟರ್, ಒಟ್ಟು 0.16 ಓಮ್. 6 ಓಮ್ ಸ್ಪೀಕರ್‌ಗೆ ನಷ್ಟ ಕಾಲು ಡಿಬಿಗೂ ಕಮ್ಮಿ. ಇವರು 6 ಡಿಬಿ ಏರಿಸಿದ್ರೂ ಮಾತು ತಿಳೀತಿಲ್ಲ.

ತಾಮ್ರತಂತಿ
ಇಂಪೀಡೆನ್ಸ್ ಎಲ್ಲ ಕಂಪನಾಂಕದಲ್ಲೂ 6 ಓಮ್ ಇರಲ್ಲ, ಕೆಲವು ಕಡೆ ನಾಲ್ಕಕ್ಕೂ ಕೆಳಗೆ ಇಳಿಯುತ್ತೆ. ಅದು ನಿಮ್ಮ ಲೆಕ್ಕದಲ್ಲಿಲ್ಲ.

ಮೀಟರ್‌ಮುಳ್ಳು
3 ಓಮ್ ಅಂತಲೇ ಹಿಡೀರಿ, ಅರ್ಧ ಡಿಬಿ ಮುಟ್ಟಲ್ಲ. ವೈರಿನ ವಾದ ಬೇಕಾದ್ರೆ ಬೇರೆ ಎಳೆ ತೆಗೀರಿ, ದಯವಿಟ್ಟು.

ಶ್ರುತಿಪೆಟ್ಟಿಗೆಯವರೇ, ಖಾನೆ ಮೊದಲು ಸರಿ ಮಾಡಿ. ಮೂರು ಇಂಚು ಒಳಗಿದ್ರೆ ಕೆಳಹಲಗೆ, ಮೇಲ್ಹಲಗೆ ಎರಡರಿಂದಲೂ ದನಿ ಪುಟಿದು ನೇರ ದನಿ ಜೊತೆ ಕಲಸಿಹೋಗುತ್ತೆ. ಹಿಂದಿನ ಟೊಳ್ಳು 100-250 ಹರ್ಟ್ಸ್ ಸುತ್ತ ಗುಂಯ್ ಅನ್ನುತ್ತೆ, ಗಂಡಸಿನ ದನಿ ದಪ್ಪ ಆಗೋದು ಅಲ್ಲೇ. ಮುಖ ಹಲಗೆಯ ಅಂಚಿಂದ ಒಂದು ಸೆಂ.ಮೀ. ಹೊರಗೆ ಬರೋ ಹಾಗೆ ಎಳೀರಿ. ಮುಂದಿನ ಎರಡು ಮೂಲೆಗೆ ರಬ್ಬರ್ ತುಂಡು ಕೊಟ್ಟು, ಟ್ವೀಟರ್ ನಿಮ್ಮ ಕಿವಿ ನೋಡೋ ಹಾಗೆ ಎತ್ತಿ. ಸುತ್ತ ಉಳಿದ ಸಂದಿಗೆ ದಪ್ಪ ಫೋಮ್ ತುಂಬಿ, ಹಿಂದೆ ಪೋರ್ಟ್ (ಗಾಳಿ ತೂತು) ಇದ್ರೆ ಅದರ ಬಾಯಿ ಮಾತ್ರ ಮುಚ್ಚಬೇಡಿ. ರಿಸೀವರ್ ಸೆಟ್ಟಿಂಗ್‌ನಲ್ಲಿ ಸೆಂಟರ್ ಲಾರ್ಜ್ ಅಂತ ಇದ್ರೆ ಸ್ಮಾಲ್ ಮಾಡಿ, ಕ್ರಾಸೋವರ್ 80 ಅಥವಾ 100. ಇಷ್ಟು ಚಿಕ್ಕ ವೂಫರ್‌ಗೆ 40 ಹರ್ಟ್ಸ್ ಕೊಟ್ರೆ ಕೋನು ಬಾಸ್ ತಳ್ಳೋದರಲ್ಲೇ ಸುಸ್ತಾಗಿ, ಅದೇ ಕೋನಿಂದ ಬರೋ ಮಾತೂ ಕೆಡುತ್ತೆ.

ಅಲೆಯುದ್ದ
ಫೋಮ್ ತುಂಬಿದ್ರೆ ಲೋಬಿಂಗ್ (ನಾನು ಹೇಳಿದ ಈ ಅಳಿಸಾಟ) ಹೋಗಲ್ಲ. ಮೂಲ ದೋಷ ಸ್ಪೀಕರ್ ವಿನ್ಯಾಸದಲ್ಲಿದೆ.

ಮೀಟರ್‌ಮುಳ್ಳು
ಅವರು ಕೂರೋದು ನಟ್ಟನಡುವೆ. ಅಲ್ಲಿಗೆ ಎರಡೂ ವೂಫರ್ ಸಮದೂರ, ಅಳಿಸಿಹೋಗೋಕೆ ವ್ಯತ್ಯಾಸವೇ ಇಲ್ಲ. ನಿಮ್ಮ ಲೆಕ್ಕ ಸರಿ, ಸೀಟು ಬೇರೆ.

ಅಲೆಯುದ್ದ
ಪಕ್ಕಕ್ಕೆ ಹೋದ ದನಿ ಗೋಡೆಗೆ ಬಡಿದು ನಡುವಿನ ಸೀಟಿಗೂ ಬರುತ್ತೆ. ಆ ಪ್ರತಿಫಲನದಲ್ಲೂ ಅದೇ ಗುಂಡಿ ಇರುತ್ತೆ. ಹಾಗಾಗಿ ನಡುವೆ ಕೂತವರಿಗೂ ಬಣ್ಣ ಕೆಡುತ್ತೆ.

ಪರದೆಹಿಂದೆ
ಟಿವಿ ಬಿಟ್ಟು ಪ್ರೊಜೆಕ್ಟರ್‌ಗೆ ಬನ್ನಿ. ನನ್ನಲ್ಲಿ ದನಿ ಹಾಯೋ ನೇಯ್ಗೆ ಪರದೆ, ಅದರ ಹಿಂದೆ ಒಂದೇ ಮಾದರಿಯ ಮೂರು ಬುಕ್‌ಶೆಲ್ಫ್, ಮೂರರ ಟ್ವೀಟರ್ರೂ ನೆಲದಿಂದ 98 ಸೆಂ.ಮೀ. ಕಾರು ಎಡದಿಂದ ಬಲಕ್ಕೆ ಹೋದರೆ ಎಂಜಿನ್ ಸದ್ದು ಎಲ್ಲೂ ಬಣ್ಣ ಬದಲಿಸಲ್ಲ.

ಮೀಟರ್‌ಮುಳ್ಳು
ಮೂರೂ ಒಂದೇ ಮಾದರಿ ಅನ್ನೋದು ಚಿನ್ನದಂಥ ಮಾತು, ಒಪ್ತೀನಿ. ಇವರಿಗೆ ಸದ್ಯಕ್ಕೆ ಒಂದು ಪರೀಕ್ಷೆ: ಸೆಟ್ಟಿಂಗ್ ಏನೂ ಮುಟ್ಟದೆ ರಿಸೀವರ್ ಆಫ್ ಮಾಡಿ, ಸೆಂಟರ್‌ನ ವೈರು ಬಿಚ್ಚಿ, ಅದೇ ಸಿನಿಮಾ ಹಾಕಿ. ಏನು ಕೇಳುತ್ತೆ ಬರೀರಿ. ಬಿಚ್ಚಿದ ತುದಿಗಳು ಒಂದಕ್ಕೊಂದು ತಾಗದಿರಲಿ.

ಶ್ರುತಿಪೆಟ್ಟಿಗೆ
ಖಾನೆಯಿಂದ ಎಳೆದೆ, ಫೋಮ್ ಹಾಕಿದೆ. ಗುಂಯ್ ಕಮ್ಮಿ ಆಯ್ತು, ಮಂಕು ಉಳೀತು. ಆಮೇಲೆ ವೈರು ಬಿಚ್ಚಿದೆ. ಮಾತು ಬುಕ್‌ಶೆಲ್ಫ್‌ನಿಂದ ಸ್ಪಷ್ಟವಾಗಿ ಬಂತು! ಅಂದ್ರೆ ಸೆಂಟರ್ರೇ ಹಾಳು ಅಲ್ವಾ?

ಮೀಟರ್‌ಮುಳ್ಳು
ಅಲ್ಲ. ಸಿಕ್ಕಿತು ಅನ್ಸುತ್ತೆ. ಸೆಂಟರ್ ಇದೆ ಅಂತ ರಿಸೀವರ್ ನಂಬಿರುವಾಗ ವೈರು ಕಿತ್ತರೆ, 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಬೇರೆ ಬೇರೆ ದನಿ) ಸಿನಿಮಾದಲ್ಲಿ ಮಾತು ಹೆಚ್ಚಾಗಿ ಸೆಂಟರ್‌ನಲ್ಲೇ ಇರೋದರಿಂದ ಅದು ಹೆಚ್ಚುಕಮ್ಮಿ ಮಾಯ ಆಗಬೇಕು. ಸಂಗೀತ, ಗದ್ದಲ ಮಾತ್ರ ಉಳೀಬೇಕು. ನಿಮ್ಮಲ್ಲಿ ಎಡ-ಬಲದಿಂದ ಪೂರ್ತಿ ಮಾತು ಬರ್ತಿದೆ. ಡಿಸ್‌ಪ್ಲೇ ಮೇಲೆ ಏನಿದೆ? ಎರಡನೇ ಸಲ ಕೇಳ್ತಿದೀನಿ.

ಶ್ರುತಿಪೆಟ್ಟಿಗೆ
ಮಲ್ಟಿ ಚಾನೆಲ್ ಸ್ಟೀರಿಯೊ. ಎಲ್ಲ ಸ್ಪೀಕರ್ ಕೆಲಸ ಮಾಡ್ಲಿ ಅಂತ ಮೊದಲ ದಿನವೇ ಹಾಕಿದ್ದೆ. ಅದು ಲೆಕ್ಕಕ್ಕೆ ಬರುತ್ತೆ ಅಂತ ಗೊತ್ತಿರ್ಲಿಲ್ಲ.

ಮೀಟರ್‌ಮುಳ್ಳು
ಆ ಮೋಡ್ ಎಡ-ಬಲದ ದನಿಯನ್ನೇ ಎಲ್ಲ ಸ್ಪೀಕರ್‌ಗೂ ಹಂಚುತ್ತೆ, ಎರಡನ್ನೂ ಕೂಡಿಸಿ ಸೆಂಟರ್‌ಗೂ ಕೊಡುತ್ತೆ. ಒಂದೇ ಮಾತು ಮೂರು ಕಡೆಯಿಂದ, ಸರೌಂಡ್ (ಪಕ್ಕ-ಹಿಂದಿನ ಸ್ಪೀಕರ್) ಸೇರಿದ್ರೆ ಐದು ಕಡೆಯಿಂದ. ತಲೆ 10 ಸೆಂ.ಮೀ. ಪಕ್ಕಕ್ಕೆ ಸರಿದ್ರೆ ಎಡಕ್ಕೂ ಸೆಂಟರ್‌ಗೂ 5 ಸೆಂ.ಮೀ. ವ್ಯತ್ಯಾಸ ಬಿತ್ತು, 3400 ಹರ್ಟ್ಸ್ ಸುತ್ತ ಕಡಿತ. ಕ, ತ, ಪ, ಸ ಬಿಡಿಸಿ ಕೇಳಿಸೋದು ಆ ಪಟ್ಟಿಯಿಂದಲೇ. ಮೇಲಿಂದ ಸೆಂಟರ್‌ಗೆ +6 ಬೇರೆ.

ಹೀಗೆ ಮಾಡಿ. ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಪಿಸಿಎಂನಲ್ಲಿದ್ರೆ (ಟಿವಿಯೇ ಡಿಕೋಡ್ ಮಾಡಿ ಕಳಿಸೋದು) ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ (ಡಿಕೋಡ್ ಮಾಡದೆ ಹಾಗೇ ಕಳಿಸೋದು) ಬದಲಿಸಿ. ಎಆರ್‌ಸಿಯಲ್ಲಿ (ಟಿವಿ ಸೌಂಡನ್ನ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಕಳಿಸೋ ದಾರಿ) ಪಿಸಿಎಂ ಅಂದ್ರೆ ಎರಡೇ ಚಾನೆಲ್. ಡಾಲ್ಬಿ ಡಿಜಿಟಲ್ ಆದ್ರೆ 5.1 ಹಾಗೇ ದಾಟುತ್ತೆ. ರಿಸೀವರ್‌ನಲ್ಲಿ ಸ್ಟೀರಿಯೊ ಮೋಡ್ ತೆಗೆದು, ಬಂದದ್ದನ್ನ ನೇರ ಡಿಕೋಡ್ ಮಾಡೋ ಮೋಡ್ ಹಾಕಿ. ಎರಡೇ ಚಾನೆಲ್‌ನ ಕಾರ್ಯಕ್ರಮಕ್ಕೆ ಡಾಲ್ಬಿ ಸರೌಂಡ್ ಇಟ್ರೆ ಅದು ಮಾತನ್ನ ಹೆಕ್ಕಿ ಸೆಂಟರ್‌ಗೆ ಕಳಿಸುತ್ತೆ. ಸೆಂಟರ್ ಜಾಗ ಬದಲಾಗಿದೆ, ಕ್ಯಾಲಿಬ್ರೇಷನ್ ಮತ್ತೆ ಓಡಿಸಿ. ಆಮೇಲೆ ರಿಸೀವರ್‌ನ ಟೆಸ್ಟ್ ಟೋನ್ ಹಾಕಿ, ದನಿ ಅಳೆಯೋ ಮೀಟರನ್ನ ಸಿ-ವೆಯ್ಟಿಂಗ್, ಸ್ಲೋನಲ್ಲಿಟ್ಟು ಮೂರೂ 75 ಡಿಬಿಗೆ ಸಮ ಬಂತಾ ನೋಡಿ.

ತಾಮ್ರತಂತಿ
ವೈರು ಹೇಗೂ ಬಿಚ್ಚಿದ್ರಲ್ಲ, ಕೂಡಿಸುವಾಗ ಕೆಂಪು-ಕಪ್ಪು ನೋಡ್ಕೊಳ್ಳಿ. ಒಂದೂವರೆ ವೋಲ್ಟ್ ಸೆಲ್‌ನ ಪ್ಲಸ್ ತುದೀನ ಕೆಂಪು ವೈರಿಗೆ, ಮೈನಸ್ ಕಪ್ಪಿಗೆ ಒಂದು ಕ್ಷಣ ತಾಗಿಸಿದ್ರೆ ವೂಫರ್ ಕೋನು ಮುಂದೆ ಬರಬೇಕು. ಆಗ ರಿಸೀವರ್ ಕಡೆಯ ತುದಿ ಕಳಚಿರಬೇಕು, ಮರೀಬೇಡಿ.

ಶ್ರುತಿಪೆಟ್ಟಿಗೆ
ಟಿವಿ ಪಿಸಿಎಂನಲ್ಲೇ ಇತ್ತು. ಬದಲಿಸಿದೆ, ಡಿಸ್‌ಪ್ಲೇನಲ್ಲಿ ಈಗ ಡಾಲ್ಬಿ ಡಿಜಿಟಲ್ ಬಂತು. ಸೆಂಟರ್ +6ರಿಂದ +0.5ಕ್ಕೆ ಇಳೀತು. ಪಿಸುಮಾತೂ ಬಿಡಿಬಿಡಿಯಾಗಿ ಕೇಳುತ್ತೆ. ಸೆಲ್ ಪರೀಕ್ಷೆಯೂ ಸರಿ ಬಂತು.

ಆದ್ರೆ ಪಕ್ಕದ ಸೀಟಲ್ಲಿ ಇನ್ನೂ ಟೊಳ್ಳು ಅನ್ಸುತ್ತೆ. ಯುಎಂಐಕೆ-1 ಅಳತೆ ಮೈಕಿನಲ್ಲಿ ಆರ್‌ಇಡಬ್ಲ್ಯು (ಅಳೆಯೋ ಸಾಫ್ಟ್‌ವೇರ್) ಸ್ವೀಪ್ (ಎಲ್ಲ ಕಂಪನಾಂಕ ಓಡಿಸೋ ಪರೀಕ್ಷೆ) ತೆಗೆದೆ, 1150 ಹರ್ಟ್ಸ್ ಸುತ್ತ 9 ಡಿಬಿ ಗುಂಡಿ. ನಡುವಿನ ಸೀಟಲ್ಲಿ ಅದು ಇಲ್ಲ.

ಅಲೆಯುದ್ದ
ಇದೇ ನಾನು ಹೇಳಿದ್ದು. ನಡುವಿನ ಸೀಟಿಗೂ ಅದನ್ನೇ ಹಚ್ಚಿದ್ದು ನನ್ನ ತಪ್ಪು, ಮೀಟರ್‌ಮುಳ್ಳು ಅವರು ಹೇಳಿದ್ದು ಸರಿ. ಈಗ ಈಕ್ಯೂನಲ್ಲಿ (ಕಂಪನಾಂಕವಾರು ಏರಿಳಿಸೋ ಸೆಟ್ಟಿಂಗ್) ಆ ಗುಂಡಿ ತುಂಬೋಕೆ ಹೋಗಬೇಡಿ. ಎರಡೂ ವೂಫರ್ ಅಷ್ಟೇ ಏರ್ತವೆ, ಅಷ್ಟೇ ಅಳಿಸ್ಕೊಳ್ತವೆ, ನಡುವಿನ ಸೀಟಲ್ಲಿ ಮಾತ್ರ 1150 ಚುಚ್ಚುತ್ತೆ.

ಶ್ರುತಿಪೆಟ್ಟಿಗೆ
ಹಾಗಾದ್ರೆ ಅದೇ ಮಾದರಿಯ ಬುಕ್‌ಶೆಲ್ಫ್ ಒಂದನ್ನ ಖಾನೆಯಲ್ಲಿ ಅಡ್ಡ ಮಲಗಿಸಿದ್ರೆ?

ಅಲೆಯುದ್ದ
ಬೇಡ. ಮಲಗಿಸಿದ್ರೆ ವೂಫರ್-ಟ್ವೀಟರ್ ಅಕ್ಕಪಕ್ಕ ಆಗ್ತವೆ. ಅಂತರ 15 ಸೆಂ.ಮೀ., ಸ್ಪೀಕರ್ ಒಳಗೆ ಅವೆರಡೂ ದನಿ ಹಂಚ್ಕೊಳ್ಳೋ ಕ್ರಾಸೋವರ್ 2500 ಹರ್ಟ್ಸ್ ಅಂದ್ರೆ 27 ಡಿಗ್ರಿ ಸುತ್ತ ಗುಂಡಿ. ಪಕ್ಕದ ಸೀಟು ಇರೋದೇ 29 ಡಿಗ್ರಿಯಲ್ಲಿ. ನೆಟ್ಟಗೇ ನಿಲ್ಲಿಸಬೇಕು. ಟಿವಿ ಕೆಳಗೆ ಎಷ್ಟು ಜಾಗ ಇದೆ?

ಶ್ರುತಿಪೆಟ್ಟಿಗೆ
ಕಪಾಟು ಪಕ್ಕಕ್ಕೆ ಸರಿಸಿದ್ರೆ ನೆಲದಿಂದ ಟಿವಿ ಕೆಳಅಂಚಿಗೆ 52 ಸೆಂ.ಮೀ. ಬುಕ್‌ಶೆಲ್ಫ್ ಎತ್ತರ 38, ಆಳ 25.

ಅಲೆಯುದ್ದ
8 ಸೆಂ.ಮೀ. ಪೀಠ ಸಾಕು. ಕಿವಿ ನೆಲದಿಂದ 95 ಸೆಂ.ಮೀ.ನಲ್ಲಿ ಅಂದ್ಕೊಂಡ್ರೆ, ಟ್ವೀಟರ್ 43ರ ಆಸುಪಾಸು ಬರುತ್ತೆ, 2.7 ಮೀಟರಿಗೆ 11 ಡಿಗ್ರಿ ಮೇಲ್ಮುಖ ಮಾಡಬೇಕು. 25 ಸೆಂ.ಮೀ. ಆಳಕ್ಕೆ ಮುಂದಿನ ಅಂಚು 5 ಸೆಂ.ಮೀ. ಎತ್ತಿದ್ರೆ ಸರಿಹೋಗುತ್ತೆ. ಒಟ್ಟು 51, ಟಿವಿಗೆ ಕೂದಲೆಳೆ ಅಂತರ. ತಗೊಳ್ಳೋ ಮುಂಚೆ ಈಗಿರೋ ಎಡಗಡೆಯದನ್ನೇ ಅಲ್ಲಿ ನಿಲ್ಲಿಸಿ, ಸೆಂಟರ್ ವೈರು ಅದಕ್ಕೆ ಕೊಟ್ಟು, ಪಕ್ಕದ ಸೀಟಲ್ಲಿ ಅದೇ ಸ್ವೀಪ್ ತೆಗೆದು ಹಾಕಿ.

ಪರದೆಹಿಂದೆ
ಆ ಮಾದರಿ ಒಂಟಿಯಾಗಿ ಮಾರ್ತಾರಾ, ಜೋಡಿ ಮಾತ್ರಾನಾ? ಅದನ್ನೂ ವಿಚಾರಿಸಿ. ಜೋಡಿ ಅಂದ್ರೆ ಉಳಿದದ್ದನ್ನ ನಾನು ತಗೋತೀನಿ, ಸರಣಿ ಯಾವುದು ಹೇಳಿ.