ಊರಿಂದ ಬಂದ ಮಕ್ಕಳಿಗೆ ಹುಳದ ಮಾತ್ರೆ ಯಾವಾಗ ಕೊಡಬೇಕು?

ಊರಲ್ಲಿ ರಜೆ ಮುಗಿಸಿ ಬ್ರಿಟನ್‌ಗೆ ವಾಪಸ್ ಬಂದ ದಿನವೇ ಮಕ್ಕಳಿಗೆ ಹುಳದ ಮಾತ್ರೆ ಕೊಟ್ಟುಬಿಡಲಾ ಅಂತ ಇಲ್ಲಿ ಕೇಳಿದ್ದೀರಿ. ನಾನೂ ಹಾಗೇ ಕೊಟ್ಟವಳು. ಆ ಆತುರ ಬೇಡ.

ನಮ್ಮ ಊರಿನ ಮನೆ ಕೊಡಗಿನ ವಿರಾಜಪೇಟೆ ಹತ್ತಿರ. ಜುಲೈ ಕೊನೆಗೆ ಹೋದರೆ ಮಗಳು ಚಪ್ಪಲಿ ಮುಟ್ಟುವುದೇ ಇಲ್ಲ. ಕಾಫಿ ತೋಟದ ಮಣ್ಣು ಮಳೆಗೆ ಮೆತ್ತಗಾಗಿ, ಮರದ ನೆರಳಿಗೆ ಒಣಗದೇ ಇರುತ್ತದೆ. ಕರುಳಲ್ಲಿ ಸೇರಿ ರಕ್ತ ಹೀರುವ ಕೊಕ್ಕೆಹುಳದ ಮರಿಗೆ ಇಂಥ ಜಾಗವೇ ಬೇಕು. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೋದ ಸಲ ಅವಳ ಕಾಲ್ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದು ತುರಿಕೆ ಶುರುವಾಯಿತು. ಇಂಬಳ ಕಚ್ಚಿರಬೇಕು ಅಂತ ಸುಮ್ಮನಾದೆವು.

ಇಲ್ಲಿ ಬ್ರಿಟನ್‌ಗೆ ಬಂದ ಮಾರನೇ ದಿನ ಮಾತ್ರೆ ಕೊಟ್ಟೆ. ಎರಡು ತಿಂಗಳಿಗೆ ಹೊಟ್ಟೆನೋವು, ಸುಸ್ತು. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳದ ಮೊಟ್ಟೆ! ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಮರಿ ರಕ್ತಕ್ಕೆ ಸೇರಿ, ಶ್ವಾಸಕೋಶ ದಾಟಿ, ಕರುಳಿಗೆ ಬಂದು ಬೆಳೆದು ಮೊಟ್ಟೆ ಇಡುವುದಕ್ಕೆ 5ರಿಂದ 9 ವಾರ ಬೇಕು. ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಕರುಳಿಗೆ ಬಂದ ಹುಳದ ಮೇಲೆ. ದಾರಿಯಲ್ಲಿರುವ ಮರಿ ತಪ್ಪಿಸಿಕೊಳ್ಳಬಹುದು. ಅದಕ್ಕೇ ಎರಡು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಿ. ನಡುವೆ ಮಗುವಿಗೆ ಹುಷಾರು ತಪ್ಪಿದರೆ ಮಾತ್ರ ಕಾಯಬೇಡಿ.

ಪರೀಕ್ಷೆ ಆದಮೇಲೆ ಡಾಕ್ಟರ್ ಅವಳಿಗೆ ಕೊಟ್ಟಿದ್ದು ಅಲ್ಬೆಂಡಜೋಲ್ 400 ಮಿಲಿಗ್ರಾಂ, ಜೊತೆಗೆ ಕಬ್ಬಿಣಾಂಶದ ಔಷಧಿ. ಮಾತ್ರೆ ಹಾಗೇ ನುಂಗಿಸಬೇಡಿ, ಚೆನ್ನಾಗಿ ಅಗಿಯಲಿ. ಚಿಕ್ಕವರಿಗೆ ಎರಡು ಚಮಚದ ನಡುವೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ. ಉಪವಾಸ ಬೇಡ, ನಮ್ಮ ಅಜ್ಜಿ ಕುಡಿಸುತ್ತಿದ್ದ ಹರಳೆಣ್ಣೆಯೂ ಬೇಡ. ಊರಲ್ಲಿ ಅಕ್ಕನ ಮಕ್ಕಳಿಗೆ ಇದೇ ಮಾತ್ರೆ ಶಾಲೆಯಲ್ಲೇ ಸಿಗುತ್ತದೆ, ಸಾಮಾನ್ಯವಾಗಿ ಫೆಬ್ರವರಿ 10ಕ್ಕೆ ಮತ್ತು ಆಗಸ್ಟ್ 10ಕ್ಕೆ. ಅಂಗನವಾಡಿಯಲ್ಲಿ 1ರಿಂದ 2 ವರ್ಷದವರಿಗೆ ಅರ್ಧ ಮಾತ್ರೆ.

ರಾತ್ರಿ ಮಗು ಕುಂಡೆ ತುರಿಸಿಕೊಂಡು ಅಳುತ್ತಿದ್ದರೆ ವಿಷಯ ಬೇರೆ, ಅದು ದಾರದ ಹುಳ (threadworm) ಇರಬಹುದು. ಮಲಗಿದ ಮೇಲೆ ಟಾರ್ಚ್ ಹಾಕಿ ನೋಡಿ. ಬಿಳಿ ದಾರದ ತುಂಡಿನಂಥ, ಸೆಂಟಿಮೀಟರ್ ಉದ್ದದ ಹುಳ ಅಲುಗುತ್ತಿರುತ್ತದೆ. ಇದಕ್ಕೆ ಊರೇ ಕಾರಣ ಅಂತಿಲ್ಲ, ಇಲ್ಲಿನ ನರ್ಸರಿಯಲ್ಲೂ ಹತ್ತುತ್ತದೆ. ಎರಡು ವರ್ಷ ದಾಟಿದವರಿಗೆ ಮೆಬೆಂಡಜೋಲ್ ಇಲ್ಲಿನ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಮನೆಯವರೆಲ್ಲ ಒಂದೇ ದಿನ ತಗೊಳ್ಳಿ. ಮಾತ್ರೆಗೆ ಮೊಟ್ಟೆ ಸಾಯುವುದಿಲ್ಲ, ಹಾಗಾಗಿ ಎರಡು ವಾರ ಬಿಟ್ಟು ಇನ್ನೊಮ್ಮೆ. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಒಗೆಯಿರಿ.

ಗರ್ಭಿಣಿಯರು, ಎರಡು ವರ್ಷದೊಳಗಿನವರು, ಫಿಟ್ಸ್ ಬಂದವರು ಇದ್ದರೆ ಡಾಕ್ಟರನ್ನ ಕೇಳದೇ ಯಾವ ಹುಳದ ಮಾತ್ರೆಯೂ ಬೇಡ.

ಈ ಸಲ ಅಮ್ಮ ಈಗಲೇ ಮೊಮ್ಮಗಳಿಗೆ ಅಂತ ಗಂಬೂಟು ತಂದು ಜಗಲಿಯಲ್ಲಿ ಇಟ್ಟಿದ್ದಾರೆ.