ಬಾರ್ಡರ್ ಕಾಲಿ: ಶೋ ಲೈನ್‌ಗೂ ವರ್ಕಿಂಗ್ ಲೈನ್‌ಗೂ ನಿಜವಾದ ವ್ಯತ್ಯಾಸ ಏನು?

ಹೆಬ್ಬಾಳದ_ಬಾಲ:
ಕುರಿ ತಿರುಗಿಸುವ ತಳಿಯಾದ ಬಾರ್ಡರ್ ಕಾಲಿ ನಾಯಿಮರಿ ಹುಡುಕ್ತಾ ಇದ್ದೇನೆ. ಒಬ್ಬರು ‘ಚಾಂಪಿಯನ್ ಬ್ಲಡ್‌ಲೈನ್, ಶೋ ಕ್ವಾಲಿಟಿ’ ಅಂತಾರೆ. ಇನ್ನೊಬ್ಬರು ‘ಅಪ್ಪ ಅಮ್ಮ ಎರಡೂ ವರ್ಕಿಂಗ್ ಲೈನ್’, ಅಂದರೆ ಕುರಿ ಕೆಲಸಕ್ಕೆ ಆರಿಸಿದ ಸಾಲು, ಅಂತಾರೆ. ಫೋಟೋ ನೋಡಿದರೆ ಎರಡೂ ಬೇರೆ ಬೇರೆ ತಳಿ ಅನ್ನಿಸುತ್ತೆ. ಒಂದು ಗುಂಡಗಿದೆ, ಎದೆ ತುಂಬ ಕೂದಲು, ಹಣೆ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ಬಿಳಿ ಪಟ್ಟೆ. ಇನ್ನೊಂದು ಸಣಕಲು, ಉದ್ದ ಕಾಲು, ಒಂದು ಕಿವಿ ನಿಮಿರಿದೆ, ಇನ್ನೊಂದು ಜೋತುಬಿದ್ದಿದೆ.

ಒಂದೇ ತಳಿ ಹೀಗೆ ಎರಡಾಗಿದ್ದು ಹೇಗೆ? ಶೋ ಸಾಲಿನಲ್ಲಿ ಕುರಿ ತಿರುಗಿಸುವ ಬುದ್ಧಿ ಹೋಗೇಬಿಡುತ್ತಾ, ಅಥವಾ ಒಳಗೆಲ್ಲೋ ಮಲಗಿರುತ್ತಾ? ನನಗೆ ಕುರಿ ಇಲ್ಲ, ಇರೋದು ಮೂರು ಬೆಡ್‌ರೂಮಿನ ಫ್ಲಾಟು. ಹಾಗಂತ ‘ಯಾವುದಾದರೇನು’ ಅನ್ನೋ ಉತ್ತರ ಬೇಡ, ಕಾರಣ ಬೇಕು.

ಸೀಟಿಸದ್ದು:
ಕಾರಣ ಬೇಕು ಅಂದಿದ್ದೀರಿ, ಹಾಗಾಗಿ ಬೇರಿನಿಂದಲೇ ಬರೋಣ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಈ ತಳಿಯನ್ನು ಯಾರೂ ಚೆಂದ ನೋಡಿ ಕಟ್ಟಲಿಲ್ಲ. ಕೆಲಸ ಮಾಡಿದ ನಾಯಿಗೆ ಮರಿ ಹಾಕಿಸಿದರು, ಮಾಡದ್ದನ್ನು ಬಿಟ್ಟರು, ಅಷ್ಟೇ. 1873ರಲ್ಲಿ ವೇಲ್ಸಿನ ಬಾಲಾ ಊರಿನಲ್ಲಿ ಬ್ರಿಟನ್ನಿನ ಮೊದಲ ಕುರಿನಾಯಿ ಟ್ರಯಲ್, ಅಂದರೆ ಕುರಿ ನಡೆಸುವ ಸ್ಪರ್ಧೆ, ನಡೆಯಿತು. 1893ರಲ್ಲಿ ನಾರ್ಥಂಬರ್ಲೆಂಡಿನ ಆಡಮ್ ಟೆಲ್ಫರ್ ಅವರ ಬಳಿ ಹುಟ್ಟಿದ ಓಲ್ಡ್ ಹೆಂಪ್ ಬೊಗಳದೆ, ಕಚ್ಚದೆ, ಬರೀ ನೋಟದಿಂದ ಕುರಿ ಸರಿಸುತ್ತಿತ್ತು. ಇವತ್ತಿನ ಬಾರ್ಡರ್ ಕಾಲಿಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಬಹುಪಾಲು ಅವನಿಗೇ ಮುಟ್ಟುತ್ತವೆ. 1906ರಲ್ಲಿ ಸ್ಕಾಟ್ಲೆಂಡಿನ ಹ್ಯಾಡಿಂಗ್ಟನ್‌ನಲ್ಲಿ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ, ಅಂದರೆ ಐಎಸ್‌ಡಿಎಸ್, ಹುಟ್ಟಿತು. ಅದರ ದಾಖಲೆ ಪುಸ್ತಕಕ್ಕೆ ಬಣ್ಣ, ಎತ್ತರ, ಕಿವಿ ಯಾವುದೂ ಲೆಕ್ಕವಿಲ್ಲ. ಪತ್ರವಿಲ್ಲದ ನಾಯಿ ಕೂಡ ಕೆಲಸ ತೋರಿಸಿ ಅರ್ಹತೆಯ ಮೇಲೆ ಒಳಗೆ ಬರಬಹುದು.

ಶೋ ಸಾಲು ಬೆಳೆದದ್ದು ಮುಖ್ಯವಾಗಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ. ಬ್ರಿಟನ್ನಿನ ಕೆನೆಲ್ ಕ್ಲಬ್ ಮಾನ್ಯತೆ ಕೊಟ್ಟಿದ್ದು 1976ರಲ್ಲಿ. ಅಮೆರಿಕನ್ ಕೆನೆಲ್ ಕ್ಲಬ್ ಪೂರ್ಣ ಮಾನ್ಯತೆ ಕೊಟ್ಟಿದ್ದು 1995ರಲ್ಲಿ, ಅದೂ ಕೆಲಸದ ನಾಯಿಯವರ ಜೋರು ವಿರೋಧದ ನಡುವೆ. ಆ ಜಗಳ ಇನ್ನೂ ಆರಿಲ್ಲ. ಅಮೆರಿಕನ್ ಬಾರ್ಡರ್ ಕಾಲಿ ಅಸೋಸಿಯೇಷನ್ ತನ್ನಲ್ಲಿ ನೋಂದಾದ ನಾಯಿ ಶೋ ಚಾಂಪಿಯನ್ ಆದರೆ ಅದರ ಹೆಸರನ್ನೇ ಪುಸ್ತಕದಿಂದ ಹೊಡೆದುಹಾಕುತ್ತದೆ.

ಈಗ ಎರಡು ಕಡೆಯವರೂ ಏನು ಅಳೆಯುತ್ತಾರೆ ನೋಡಿ. ಟ್ರಯಲ್‌ನಲ್ಲಿ ಒಬ್ಬ ತೀರ್ಪುಗಾರರ ಅಂಕ ಹೀಗೆ ಹಂಚಿಕೆ: ಕುರಿಯ ಹಿಂದಕ್ಕೆ ಬಳಸಿ ಓಡುವುದಕ್ಕೆ 20, ಹಿಂಡನ್ನು ಗಾಬರಿಯಾಗದಂತೆ ಮೊದಲ ಹೆಜ್ಜೆ ಇಡಿಸುವುದಕ್ಕೆ 10, ನೇರವಾಗಿ ಒಡೆಯನ ಬಳಿ ತರುವುದಕ್ಕೆ 20, ಒಡೆಯನಿಂದ ದೂರ ಅಟ್ಟಿಕೊಂಡು ಹೋಗುವುದಕ್ಕೆ 30, ಹಿಂಡಿನಿಂದ ಕೆಲವನ್ನು ಬೇರ್ಪಡಿಸುವುದಕ್ಕೆ 10, ರೊಪ್ಪಕ್ಕೆ ಹೊಗಿಸುವುದಕ್ಕೆ 10. ರಾಷ್ಟ್ರಮಟ್ಟದಲ್ಲಿ ಮೊದಲ ಓಟವೇ ಸುಮಾರು 400 ಗಜ. ಎಲ್ಲಕ್ಕಿಂತ ದೊಡ್ಡ ಟ್ರಯಲ್ ಆದ ಸುಪ್ರೀಮ್ ಫೈನಲ್‌ನಲ್ಲಿ ಹತ್ತು ಹತ್ತು ಕುರಿಗಳ ಎರಡು ಗುಂಪು. ಒಂದನ್ನು ತಂದ ಮೇಲೆ ನಾಯಿ ಅದನ್ನು ಬಿಟ್ಟು, ಇನ್ನೂ ಕಣ್ಣಿಗೆ ಬೀಳದ ಎರಡನೆಯ ಗುಂಪಿಗೆ ತಿರುಗಿ ಓಡಬೇಕು. ಆಮೇಲೆ ಇಪ್ಪತ್ತರಲ್ಲಿ ಕೊರಳಪಟ್ಟಿ ಇರುವ ಐದನ್ನು ಮಾತ್ರ ಉಳಿಸಿಕೊಂಡು ಹದಿನೈದನ್ನು ಹೊರಹಾಕಬೇಕು.

ಶೋ ರಿಂಗಿನಲ್ಲಿ? ನಾಯಿಯನ್ನು ನಿಲ್ಲಿಸಿ ನೋಡುತ್ತಾರೆ, ಕೈಯಾಡಿಸುತ್ತಾರೆ, ಹಲ್ಲು ನೋಡುತ್ತಾರೆ, ಒಂದೆರಡು ಸುತ್ತು ಓಡಿಸುತ್ತಾರೆ. ಗಂಡಿನ ಆದರ್ಶ ಎತ್ತರ 53 ಸೆಂ.ಮೀ. ಬಿಳಿ ಬಣ್ಣ ಮೇಲುಗೈ ಆಗಬಾರದು. ಅಲ್ಲಿ ಕುರಿಯೇ ಇಲ್ಲ. ಕಾಣದ್ದಕ್ಕೆ ಅಂಕ ಕೊಡಲು ಯಾವ ತೀರ್ಪುಗಾರರಿಂದಲೂ ಆಗದು.

ಜೀನುಗೂಡು:
‘ಮಲಗಿರುತ್ತಾ’ ಎಂಬ ಪ್ರಶ್ನೆ ಚೆನ್ನಾಗಿದೆ, ಆದರೆ ಅದರೊಳಗೆ ಒಂದು ತಪ್ಪು ಊಹೆ ಇದೆ. ಕುರಿ ತಿರುಗಿಸುವ ಗುಣ ಒಂದೇ ಜೀನ್ ಅಲ್ಲ, ಲೈಟಿನ ಸ್ವಿಚ್ಚಿನಂತೆ ಹಾಕಿ ತೆಗೆಯಲು. ಅದೊಂದು ಜೋಡಣೆ. ತೋಳದ ಬೇಟೆಯ ಸರಣಿ ಗೊತ್ತಲ್ಲ: ಗಮನಿಸು, ದಿಟ್ಟಿಸು, ಹೊಂಚುತ್ತ ಸರಿ, ಅಟ್ಟು, ಕಚ್ಚು, ಕೊಲ್ಲು. ಬಾರ್ಡರ್ ಕಾಲಿಯಲ್ಲಿ ನಡುವಿನ ಮೂರು ಉಬ್ಬಿವೆ, ಕೊನೆಯ ಎರಡು ಕುಗ್ಗಿವೆ. ಅದರ ಮೇಲೆ ಬ್ಯಾಲೆನ್ಸ್: ಕುರಿ ಗಡಿಯಾರದ ನಡುವೆ ಇದ್ದು ನೀವು ಆರರಲ್ಲಿ ನಿಂತರೆ ನಾಯಿ ತಾನಾಗಿ ಹನ್ನೆರಡಕ್ಕೆ ಹೋಗಿ ನಿಲ್ಲಬೇಕು. ಅದರ ಮೇಲೆ ಧೈರ್ಯ, ಅದರ ಮೇಲೆ ಹೇಳಿದ್ದು ಕೇಳುವ ಮನಸ್ಸು.

ಇಷ್ಟೂ ಬಹಳ ಜೀನ್‌ಗಳ ಸಣ್ಣ ಸಣ್ಣ ಕೊಡುಗೆಯಿಂದ ಬರುವಂಥವು. ಆರಿಸುವುದನ್ನು ನಿಲ್ಲಿಸಿದರೆ ಎಲ್ಲ ಒಟ್ಟಿಗೆ ಮಾಯವಾಗುವುದಿಲ್ಲ, ಒಂದೊಂದಾಗಿ ಕಳಚಿಕೊಳ್ಳುತ್ತವೆ. ದಿಟ್ಟಿ ಉಳಿದು ಬ್ಯಾಲೆನ್ಸ್ ಹೋದರೆ ನಾಯಿ ಕುರಿಯನ್ನು ನೋಡುತ್ತ ಕಲ್ಲಾಗಿ ನಿಂತುಬಿಡುತ್ತದೆ. ಬ್ಯಾಲೆನ್ಸ್ ಉಳಿದು ಧೈರ್ಯ ಹೋದರೆ, ಮರಿ ಇರುವ ತಾಯಿಕುರಿ ಒಮ್ಮೆ ಕಾಲು ಅಪ್ಪಳಿಸಿದರೂ ಸಾಕು, ನಾಯಿ ಹಿಂದೆ ತಿರುಗುತ್ತದೆ. ಕಚ್ಚುವ ತಡೆ ಸಡಿಲವಾದರೆ ಉಣ್ಣೆ ಬಾಯಲ್ಲಿ. ಶೋ ಸಾಲಿನ ಒಂದು ಸೂಲಿನಲ್ಲಿ ಒಂದೆರಡು ಮರಿ ಚೆನ್ನಾಗಿ ತಿರುಗಿಸಲೂಬಹುದು, ಅದಕ್ಕೆ ನಾನು ಇಲ್ಲ ಅನ್ನಲ್ಲ. ಆದರೆ ಸೂಲಿಗೆ ಎಷ್ಟು ಮರಿ ಕೆಲಸಕ್ಕೆ ಬರುತ್ತವೆ ಎಂಬ ಭರವಸೆ ಹೋಗಿರುತ್ತದೆ. ಕುರಿಗಾಹಿ ದುಡ್ಡು ಕೊಡುವುದು ಆ ಭರವಸೆಗೆ.

ಇನ್ನೊಂದು ವಿಷಯ, ವೇಗ. ಕಿವಿ, ಕೂದಲು, ಎತ್ತರ ಒಂದು ವರ್ಷದೊಳಗೆ ಕಣ್ಣಿಗೆ ಕಾಣುತ್ತವೆ. ಕೆಲಸದ ಗುಣ ಗೊತ್ತಾಗಲು ತರಬೇತಿ ಸೇರಿ ಎರಡು ಮೂರು ವರ್ಷ ಬೇಕು. ನೋಟವನ್ನು ಆರಿಸುವವರು ಸಹಜವಾಗಿ ಬೇಗ ಮುಂದೆ ಹೋಗುತ್ತಾರೆ.

ಕೆಲಸದ ಸಾಲನ್ನು ದೇವರ ಕೋಣೆಯಲ್ಲಿ ಇಡಬೇಡಿ. 1965ರ ಸುಪ್ರೀಮ್ ಗೆದ್ದ ವಿಸ್ಟನ್ ಕ್ಯಾಪ್‌ಗೆ ಎಷ್ಟು ಹೆಣ್ಣುಗಳನ್ನು ತಂದರೆಂದರೆ ಇವತ್ತು ಅವನ ರಕ್ತ ಇಲ್ಲದ ವಂಶಾವಳಿ ಹುಡುಕುವುದೇ ಕಷ್ಟ. ಒಂದೇ ಗಂಡನ್ನು ಅತಿಯಾಗಿ ಬಳಸಿದರೆ ಅದರೊಳಗೆ ಅಡಗಿದ ದೋಷವೂ ಎಲ್ಲೆಡೆ ಹರಡುತ್ತದೆ, ಅದು ಟ್ರಯಲ್ ಕಪ್ಪಿಗಾದರೂ ಸರಿ, ಶೋ ರಿಬ್ಬನ್ನಿಗಾದರೂ ಸರಿ. ಕಾಲಿ ಐ ಅನಾಮಲಿ, ಅಂದರೆ ಕಣ್ಣಿನ ಹಿಂಪದರದ ಹುಟ್ಟುದೋಷ, ಎರಡೂ ಕಡೆ ಇದೆ. ಮಿದುಳಿನ ಕೋಶಗಳು ಸವೆದು ಸುಮಾರು ಒಂದೂವರೆ ವರ್ಷದಲ್ಲಿ ಲಕ್ಷಣ ತೋರಿಸಿ ಕೊಲ್ಲುವ ಸಿಎಲ್ಎನ್5 ರೋಗ ಗುರುತಾದದ್ದು ಆಸ್ಟ್ರೇಲಿಯಾದ ಸಾಲುಗಳಲ್ಲಿ. ಬಿಳಿರಕ್ತಕಣ ಮಜ್ಜೆಯಲ್ಲೇ ಸಿಕ್ಕಿಕೊಂಡು ಮರಿ ಮತ್ತೆ ಮತ್ತೆ ಸೋಂಕಿಗೆ ಬೀಳುವುದು ಟಿಎನ್ಎಸ್. ಮೂರಕ್ಕೂ ಡಿಎನ್ಎ ಪರೀಕ್ಷೆ ಇದೆ. ದೋಷದ ಒಂದೇ ಪ್ರತಿ ಹೊತ್ತು ತಾನು ಆರೋಗ್ಯವಾಗಿರುವ ನಾಯಿ ವಾಹಕ. ವಾಹಕ ಮತ್ತು ವಾಹಕ ಕೂಡಿದರೆ ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ಕಾಲು ಭಾಗ. ವಾಹಕ ಮತ್ತು ಶುದ್ಧ ಕೂಡಿದರೆ ರೋಗಿ ಮರಿ ಹುಟ್ಟುವುದಿಲ್ಲ. ಆದ್ದರಿಂದ ‘ನಮ್ಮ ನಾಯಿ ವಾಹಕ, ಜೋಡಿ ಶುದ್ಧ’ ಎಂದು ಕಾಗದ ತೋರಿಸುವವರನ್ನು ನಂಬಿ. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ ಸರ್’ ಎಂದು ಬಾಯಲ್ಲಿ ಹೇಳುವವರನ್ನಲ್ಲ.

ಮರ್ಲ್ ಬಣ್ಣವನ್ನು, ಅಂದರೆ ತೇಪೆ ತೇಪೆಯಾಗಿ ಮಾಸಿದಂತಿರುವ ಬಣ್ಣವನ್ನು, ‘ಅಪರೂಪ’ ಎಂದು ಹೆಚ್ಚು ಬೆಲೆ ಹೇಳಿದರೆ ಅಪ್ಪ ಅಮ್ಮ ಎರಡೂ ಮರ್ಲ್ ಅಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಎರಡೂ ಮರ್ಲ್ ಆದರೆ ಕಾಲು ಭಾಗ ಮರಿಗಳಿಗೆ ಎರಡು ಪ್ರತಿ ಸಿಕ್ಕಿ ಕಿವುಡು, ಕುರುಡಿನ ಅಪಾಯ.

ನಾಲ್ಕುಕಾಲು:
ಶೋ ಕಡೆಯಿಂದ ಒಂದೆರಡು ಮಾತು, ಇಲ್ಲದಿದ್ದರೆ ಈ ಚರ್ಚೆ ಒಂದೇ ಕಡೆ ವಾಲುತ್ತೆ. ಬ್ರಿಟನ್ನಿನಲ್ಲಿ ಬಾರ್ಡರ್ ಕಾಲಿ ರಿಂಗಿನಲ್ಲಿ ಎಷ್ಟು ಗೆದ್ದರೂ ‘ಶೋ ಚಾಂಪಿಯನ್’ ಮಾತ್ರ. ಕುರಿ ಪರೀಕ್ಷೆ ಪಾಸಾದರೆ ಮಾತ್ರ ‘ಚಾಂಪಿಯನ್’. ಅಂದರೆ ಕೆಲಸ ಪೂರ್ತಿ ಮರೆತಿದ್ದಾರೆ ಅನ್ನುವುದು ಸರಿಯಲ್ಲ.

ಆದರೂ ಸೀಟಿಸದ್ದು ಅವರ ಮಾತಿಗೆ ನನ್ನ ಕಡೆಯಿಂದಲೇ ಪುರಾವೆ ಕೊಡಬೇಕಾಗಿದೆ. ಜರ್ಮನ್ ಶೆಫರ್ಡ್ ನೋಡಿ. 1899ರಲ್ಲಿ ಮಾಕ್ಸ್ ಫಾನ್ ಸ್ಟೆಫನಿಟ್ಸ್ ಕಟ್ಟಿದ ಎಸ್‌ವಿ ಸಂಘ ಹೇಳಿದ್ದೇ ಕೆಲಸ ಮೊದಲು ಅಂತ. ಇವತ್ತಿಗೂ ಅಲ್ಲಿ ತಳಿ ಮಾಡಲು ಕೆಲಸದ ಪದವಿ ಬೇಕು, 20 ಕಿ.ಮೀ. ಓಟದ ಪರೀಕ್ಷೆ ಬೇಕು, ಸೊಂಟದ ಎಕ್ಸ್‌ರೇ ಬೇಕು. ಇಷ್ಟೆಲ್ಲ ಇದ್ದೂ ಬೆನ್ನು ಇಳಿಜಾರಾದ ಶೋ ಶೆಫರ್ಡ್ ಒಂದು ಕಡೆ, ನೇರ ಬೆನ್ನಿನ ಪೊಲೀಸ್ ಶೆಫರ್ಡ್ ಇನ್ನೊಂದು ಕಡೆ ಆದವು. ಯಾಕೆ? ಪರೀಕ್ಷೆ ಬರೀ ಹೊಸ್ತಿಲು. ದಾಟಿದರೆ ಸಾಕು, ಎಷ್ಟು ಎತ್ತರ ಹಾರಿದೆ ಅಂತ ಯಾರೂ ಕೇಳಲ್ಲ. ಬಹುಮಾನ ಎಲ್ಲಿ ಕೊಡ್ತಾರೋ ತಳಿ ಆ ಕಡೆಗೇ ಓಡುತ್ತೆ.

ಇದರಲ್ಲಿ ತಮಾಷೆ ಏನೆಂದರೆ, ಆ ಇಳಿಜಾರು ಬೆನ್ನು ಶುರುವಾದದ್ದೇ ಕೆಲಸದಿಂದ. ಶೆಫರ್ಡ್ ನಾಯಿ ಬಾರ್ಡರ್ ಕಾಲಿಯಂತೆ ಹಿಂಡನ್ನು ಬಳಸಿ ತರುವುದಲ್ಲ. ಬೇಲಿ ಇಲ್ಲದ ಜರ್ಮನ್ ಹೊಲಗಳ ನಡುವೆ ಕುರಿ ಮೇಯುವಾಗ ಬೆಳೆಯ ಅಂಚಿನ ಸಾಲಿನಗುಂಟ ಇಡೀ ದಿನ ಹೋಗಿ ಬರುವ ಜೀವಂತ ಬೇಲಿ ಅದು. ಅದಕ್ಕೆ ದಣಿಯದ ಟ್ರಾಟ್ ನಡಿಗೆ ಬೇಕಿತ್ತು. ರಿಂಗಿನಲ್ಲಿ ಟ್ರಾಟ್‌ಗೇ ಬಹುಮಾನ ಕೊಟ್ಟರು. ಹೆಜ್ಜೆ ಉದ್ದ ಕಾಣಲಿ ಅಂತ ಹಿಂಗಾಲಿನ ಮಡಿಕೆ ಹೆಚ್ಚಿಸುತ್ತ ಹೋದರು. ಒಳ್ಳೆಯ ಗುಣವನ್ನೇ ಅಳತೆ ಮೀರಿ ಎಳೆದರು.

ಉದ್ದ ಕೂದಲಿನ ಸೋದರ ತಳಿ ರಫ್ ಕಾಲಿಯ ಕಥೆಯೂ ಅದೇ. 1860ರಲ್ಲಿ ಬರ್ಮಿಂಗ್‌ಹ್ಯಾಮ್ ಶೋನಲ್ಲಿ ಸ್ಕಾಚ್ ಕುರಿನಾಯಿ ಎಂಬ ವರ್ಗದಲ್ಲಿ ಹೊಕ್ಕ ನಾಯಿ ಇವತ್ತು ಕುರಿಯ ಹಿಂದೆ ಕಾಣುವುದು ಅಪರೂಪ. ಬಾರ್ಡರ್ ಕಾಲಿಯವರು ಹೆದರಿದ್ದು ಇದಕ್ಕೇ. ಅಂದಹಾಗೆ ರಫ್ ಕಾಲಿಯಲ್ಲಿ ಎಂಡಿಆರ್1 ದೋಷ (ಕೆಲವು ಔಷಧಿ ಮಿದುಳಿಗೆ ವಿಷವಾಗುವ ಜೀನ್ ದೋಷ) ಬಹಳ, ಬಾರ್ಡರ್ ಕಾಲಿಯಲ್ಲಿ ಕಡಿಮೆ. ಕಜ್ಜಿಗೆ ಐವರ್‌ಮೆಕ್ಟಿನ್ ಚುಚ್ಚಿಸುವ ಮುನ್ನ ಯಾವ ಕಾಲಿ ಅಂತ ಡಾಕ್ಟರಿಗೆ ಹೇಳಿ.

ಹೆಬ್ಬಾಳದ_ಬಾಲ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಕಾಗದ ನೋಡಿ ಸಾಲು ಗುರುತಿಸೋದು ಹೇಗೆ? ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಸರ್ಟಿಫಿಕೇಟ್ ಇದೆ ಅಂತ ಇಬ್ಬರೂ ಹೇಳ್ತಿದ್ದಾರೆ.

ಸೀಟಿಸದ್ದು:
ಆ ಸರ್ಟಿಫಿಕೇಟ್ ಹೇಳುವುದು ಅಪ್ಪ ಅಮ್ಮ ಯಾರು ಅಂತ ಮಾತ್ರ. ಗುಣದ ಬಗ್ಗೆ ಅಲ್ಲಿ ಒಂದಕ್ಷರವೂ ಇರುವುದಿಲ್ಲ. ವಂಶಾವಳಿಯ ಹೆಸರುಗಳನ್ನು ಓದಿ. ಐಎಸ್‌ಡಿಎಸ್ ನಾಯಿಗಳ ಹೆಸರು ಕೂಗಲು ಅನುಕೂಲವಾಗುವಂತೆ ಗಿಡ್ಡ: ಕ್ಯಾಪ್, ಮಾಸ್, ನೆಲ್, ರಾಯ್. ಪಕ್ಕದಲ್ಲಿ ಒಡೆಯನ ಹೆಸರು, ನೋಂದಣಿ ಸಂಖ್ಯೆ. ಶೋ ನಾಯಿಗಳ ಹೆಸರು ಕೆನೆಲ್ ಹೆಸರಿನಿಂದ ಶುರುವಾಗಿ ಮದುವೆ ಕರೆಯೋಲೆಯಷ್ಟು ಉದ್ದ. ಅದರ ಹಿಂದೆ ಮುಂದೆ ಚಾಂಪಿಯನ್ ಪದವಿಗಳು. ಮೂರು ತಲೆಮಾರಿನಲ್ಲಿ ಗಿಡ್ಡ ಹೆಸರೇ ಇಲ್ಲದಿದ್ದರೆ ‘ವರ್ಕಿಂಗ್’ ಅನ್ನೋದು ಬಾಯಿಮಾತು. ಮುತ್ತಜ್ಜನ ಕಾಲದ ಒಂದು ಐಎಸ್‌ಡಿಎಸ್ ನಾಯಿ ತೋರಿಸಿ ಸಾಲು ಮಾರುವುದೂ ಹಾಗೆಯೇ.

ರೊಪ್ಪದ_ಬಾಗಿಲು:
ಫ್ಲಾಟ್ ವಿಷಯ ಯಾರೂ ಮುಟ್ಟಲಿಲ್ಲ. ಮೂರನೆಯ ಸಾಲು ಒಂದಿದೆ: ನಾಯಿಗಳ ಓಟದ ಆಟಗಳಾದ ಅಜಿಲಿಟಿ, ಫ್ಲೈಬಾಲ್‌ಗೆ ಆರಿಸಿದ್ದು. ಕುರಿನಾಯಿಗೆ ಓಡುವುದರಷ್ಟೇ ಮುಖ್ಯ ನಿಲ್ಲುವುದು. ‘ಮಲಗು’ ಅಂದಾಗ ಕುರಿ ಎದುರಿದ್ದರೂ ಮಲಗಬೇಕು. ಬರೀ ಓಟದ ಹುಚ್ಚನ್ನು ಆರಿಸಿದ ಸಾಲಿನಲ್ಲಿ ಆ ನಿಲುಗಡೆ ಸಡಿಲವಾಗಬಹುದು, ಫ್ಲಾಟಿಗೆ ಅದೇ ದೊಡ್ಡ ತಲೆನೋವು. ಯಾವ ಸಾಲೇ ಆಗಲಿ, ಕೆಲಸವಿಲ್ಲದ ದಿಟ್ಟಿ ಸೈಕಲ್ಲು, ಸ್ಕೂಟರ್ ಚಕ್ರ, ಗೋಡೆ ಮೇಲಿನ ನೆರಳು, ಓಡುವ ಮಕ್ಕಳ ಹಿಮ್ಮಡಿ ಹುಡುಕಿಕೊಳ್ಳುತ್ತದೆ. ದಿನಾ ಗಂಟೆಗಟ್ಟಲೆ ಚೆಂಡು ಎಸೆದರೆ ಆ ಹುಚ್ಚು ಹೆಚ್ಚುತ್ತದೆಯೇ ಹೊರತು ಇಳಿಯಲ್ಲ. ಬಿಸಿಲಲ್ಲಂತೂ ಬೇಡ: ಐದು ಹತ್ತು ನಿಮಿಷ ಜೋರು ಓಡಿದ ಮೇಲೆ ಹಿಂಗಾಲು ತಡವರಿಸಿ ಗೊಂದಲಕ್ಕೆ ಬೀಳುವ ಕೊಲ್ಯಾಪ್ಸ್ ತೊಂದರೆ ಈ ತಳಿಯಲ್ಲಿದೆ.

ನಮ್ಮ ಕಡೆ ಅಲೆಮಾರಿ ಕುರುಬರ ನಾಯಿಗಳ ಕೆಲಸವೇ ಬೇರೆ. ಕುರಿಯನ್ನು ಕುರುಬ ನಡೆಸುತ್ತಾನೆ, ನಾಯಿ ರಾತ್ರಿ ತೋಳ ಬಾರದಂತೆ ಕಾಯುತ್ತದೆ. ಅಲ್ಲಿಗೆ ಬಾರ್ಡರ್ ಕಾಲಿ ತಂದರೆ ಎರಡು ಕಡೆಗೂ ಉಪಯೋಗವಿಲ್ಲ.

ಹೆಬ್ಬಾಳದ_ಬಾಲ:
ಕೊನೇ ಪ್ರಶ್ನೆ. ಪುಟ್ಟ ಅಂಗಳದಲ್ಲಿ ನಾಲ್ಕು ಕುರಿ, ನಾಯಿ ಬಾಲ ಎತ್ತಿಕೊಂಡು ಬೊಗಳುತ್ತ ಸುತ್ತು ಹೊಡೆಯುತ್ತೆ. ಇಂಥ ವಿಡಿಯೊ ‘ವರ್ಕಿಂಗ್’ ಅನ್ನೋದಕ್ಕೆ ಪುರಾವೆಯಾ?

ಸೀಟಿಸದ್ದು:
ಕುರಿ ಕಂಡರೆ ಆಸಕ್ತಿ ಇದೆ ಅನ್ನೋದಕ್ಕೆ ಪುರಾವೆ, ಅಷ್ಟೆ. ಕೆಲಸದ ಮನಸ್ಸಿನಲ್ಲಿರುವ ನಾಯಿಯ ಬಾಲ ಹಿಂಗಾಲಿಗೆ ಅಂಟಿಕೊಂಡಂತೆ ಕೆಳಗಿರುತ್ತದೆ, ತಲೆ ಬೆನ್ನಿಗಿಂತ ತಗ್ಗಿರುತ್ತದೆ. ಬಾಲ ಮೇಲೆದ್ದರೆ ಅದಕ್ಕೆ ಆಟ, ಇಲ್ಲ ಗಾಬರಿ. ಬಯಲಲ್ಲಿ ಕನಿಷ್ಠ ನೂರು ಗಜ ದೂರದ ಕುರಿಗೆ ಅಮ್ಮ ನಾಯಿಯನ್ನು ಕಳಿಸಿ ತೆಗೆದ, ಕತ್ತರಿಸದ ವಿಡಿಯೊ ಕೇಳಿ. ನಾಯಿಯನ್ನಲ್ಲ, ಕುರಿಗಳನ್ನು ನೋಡಿ: ನಡೆದು ಬರುತ್ತಿವೆಯೋ, ಚೆಲ್ಲಾಪಿಲ್ಲಿ ಓಡಿ ಬರುತ್ತಿವೆಯೋ.